ಓಕೆ ಒತ್ತೋದು ಅಂದ್ರೆ ಹೊಸ ಹೆಬ್ಬೆಟ್ಟು



ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಒಬ್ಬ ಅಕ್ಕನ ಕತೆಯಿಂದ ಶುರು ಮಾಡ್ತೀನಿ. ಆದ್ರೆ ಇದು ನಮ್ಮ ನಿಮ್ಮೆಲ್ಲರ ಕೈಲಿರೋ ಫೋನಿನ ವಿಷಯ.

ಹೋದ ತಿಂಗಳು ನಮ್ಮ ಸಂಘಟನೆಯ ವಾಟ್ಸಪ್ ಗ್ರೂಪಿಗೆ ಒಂದು ಫೈಲ್ ಬಂತು. ಕಳಿಸಿದ್ದು ನಮ್ಮವರದ್ದೇ ನಂಬರ್. ಹೆಸರು "ಮದುವೆ ಆಮಂತ್ರಣ", ಕೊನೆಗೆ ಡಾಟ್ ಎಪಿಕೆ. ಎಪಿಕೆ ಅಂದ್ರೆ ಫೋಟೋ ಅಲ್ಲ, ಪತ್ರ ಅಲ್ಲ, ಫೋನಿಗೆ ಹಾಕೋ ಒಂದು ಆ್ಯಪ್. ಆ ಮೂರಕ್ಷರ ನೋಡಿದ ಕೂಡಲೇ ಬೆಚ್ಚಿಬೀಳೋರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಗ್ರೂಪಲ್ಲಿರೋ ಒಬ್ಬ ಅಕ್ಕ, ಪೌರಕಾರ್ಮಿಕರು, ಬೆಳಗಿನ ಕೆಲಸ ಮುಗಿಸಿ ಟೀ ಅಂಗಡಿ ಮುಂದೆ ಕೂತು ಅದನ್ನ ಒತ್ತಿದ್ರು. ಯಾರ ಮದುವೆ ಅಂತ ನೋಡೋ ಆಸೆ, ಅಷ್ಟೇ.

ಫೋನು ಇಂಗ್ಲಿಷಿನಲ್ಲಿ ಏನೋ ತೋರಿಸ್ತು. ಅಕ್ಕನಿಗೆ ಕನ್ನಡ ಕೂಡಿಸಿಕೊಂಡು ಓದೋಕೆ ಬರುತ್ತೆ, ಇಂಗ್ಲಿಷ್ ಬರಲ್ಲ. ಒಂದೊಂದೇ ಪರದೆ ಬಂತು, ಒಂದೊಂದೇ ಗುಂಡಿ ಒತ್ತಿದ್ರು. ಎಸ್‌ಎಂಎಸ್ ಓದೋಕೆ ಅನುಮತಿ, ಪರದೆ ಮೇಲೆ ಏನು ನಡೀತಿದೆ ಅಂತ ನೋಡೋಕೆ ಅನುಮತಿ, ಎಲ್ಲಾ ಹೋಯ್ತು. ಮದುವೆ ಕಾರ್ಡ್ ಮಾತ್ರ ಕಾಣಲಿಲ್ಲ. ಫೈಲ್ ಕೆಟ್ಟಿರ್ಬೇಕು ಅಂತ ಸುಮ್ಮನಾದ್ರು. ಸಂಜೆ ಮಗಳ ಫೋನಿಗೆ ರೀಚಾರ್ಜ್ ಮಾಡಿದ್ರು. ರಾತ್ರಿ ಮಲಗಿದ್ದಾಗ ಮೂರು ಸಲ ದುಡ್ಡು ಹೋಗಿದೆ. ಒಟ್ಟು 41,300 ರೂಪಾಯಿ. ತಿಂಗಳ ಸಂಬಳ, ಜೊತೆಗೆ ಮಗಳ ಕಾಲೇಜು ಫೀಸಿಗೆ ಅಂತ ಎತ್ತಿದ್ದ ಚೀಟಿ ದುಡ್ಡು. ಬೆಳಗ್ಗೆ ಎದ್ದು ನೋಡಿದ್ರೆ ಅವರ ನಂಬರಿಂದಲೇ ಅದೇ ಮದುವೆ ಆಮಂತ್ರಣ ಇನ್ನೂ ನೂರಾರು ಜನಕ್ಕೆ ಹೋಗಿತ್ತು.

ಅರ್ಜಿ ಬರೆಯೋದು ನನ್ನ ದಿನದ ಕೆಲಸ ಆದ್ದರಿಂದ ಬ್ಯಾಂಕಿಗೆ ಜೊತೇಲಿ ಹೋದೆ. ಯಾವ ಬ್ಯಾಂಕು ಅನ್ನೋದು ಬೇಡ. ಅಲ್ಲಿನವರು ಅರ್ಜಿ ಪೂರ್ತಿ ಓದಲೂ ಇಲ್ಲ. "ಫೋನ್ ವಾರ್ನಿಂಗ್ ಕೊಟ್ಟಿರುತ್ತೇಮ್ಮ. ನೀವೇ ಅಲೋ ಅಂತ ಒತ್ತಿದೀರ. ನಿಮ್ದೇ ನೆಗ್ಲಿಜೆನ್ಸು. ನಾವೇನ್ ಮಾಡೋಕಾಗುತ್ತೆ?" ಅಂದ್ರು. ಹೊರಗೆ ಬಂದ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು: "ಕದ್ದೋನು ಇನ್ನೊಬ್ಬ. ತಲೆ ತಗ್ಗಿಸಿ ನಿಂತ್ಕಂಡಿದ್ದು ನಾನಲ್ವಾ ತಮ್ಮಾ?"

ಆ ಮಾತು ಇನ್ನೂ ತಲೇಲಿ ಕೊರೀತಿದೆ. ಮನೆಗೆ ಬಂದು ನನ್ನ ಫೋನಲ್ಲೇ ಆ ಪರದೆ ತೆಗೆದು ನಿಧಾನಕ್ಕೆ ಓದಿದೆ. ಆಂಡ್ರಾಯ್ಡ್ ಫೋನಲ್ಲಿ ಹೊರಗಿಂದ ಬಂದ ಆ್ಯಪ್ ಹಾಕೋಕೆ ಹೋದ್ರೆ ಮೊದಲು, ಸುರಕ್ಷತೆಗಾಗಿ ಇದನ್ನ ಬಿಡ್ತಿಲ್ಲ ಅನ್ನುತ್ತೆ. ಪಕ್ಕದಲ್ಲೇ ಸೆಟ್ಟಿಂಗ್ಸ್ ಅಂತ ಬಾಗಿಲು. ಒಳಗೆ ಹೋದ್ರೆ ಒಂದು ಸ್ವಿಚ್ಚು. ಅದರ ಹತ್ರ ಸಣ್ಣ ಅಕ್ಷರದಲ್ಲಿ ಏನಿದೆ ಗೊತ್ತಾ? ಇಂಥ ಆ್ಯಪ್‌ಗಳಿಂದ ನಿಮ್ಮ ಫೋನಿಗೂ ಮಾಹಿತಿಗೂ ಅಪಾಯ ಜಾಸ್ತಿ. ಇದನ್ನ ಹಾಕ್ಕೊಂಡ್ರೆ ಫೋನಿಗೆ ಆಗೋ ಹಾನಿಗೂ ಮಾಹಿತಿ ಕಳ್ಕೊಳ್ಳೋದಕ್ಕೂ ನೀವೇ ಜವಾಬ್ದಾರಿ ಅಂತ ಒಪ್ಪಿಕೊಳ್ತಿದ್ದೀರಿ. ಇದು ಅದರ ಸಾರಾಂಶ.

ಇನ್ನೊಂದ್ಸಲ ಓದಿ. ಇಲ್ಲಿ ಎರಡು ವಾಕ್ಯ ಇವೆ. ಮೊದಲನೇದು ಎಚ್ಚರಿಕೆ. ಎರಡನೇದು ಕರಾರು ಪತ್ರ. ಎಚ್ಚರಿಕೆ ಅರ್ಥ ಆಗದವರ ಕೈಲೂ ಕರಾರಿಗೆ ಸಹಿ ಹಾಕಿಸಿಕೊಂಡು ಬಿಡ್ತಾರೆ.

ನಮ್ಮ ಜನಕ್ಕೆ ಇದು ಹೊಸದೇನಲ್ಲ. ನಮ್ಮ ತಾತ ಮುತ್ತಾತಂದಿರು ಓದೋಕೆ ಬಾರದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ರು. ಸಾಲದ ಪತ್ರ ಅಂದ್ರು, ಒತ್ತಿದ್ರು. ಆಮೇಲೆ ನೋಡಿದ್ರೆ ಜಮೀನಿನ ಕ್ರಯಪತ್ರ. ಒತ್ತಿದ್ದೀಯಲ್ಲ, ಮುಗೀತು ಅಂದ್ರು ಸಾಹುಕಾರರು. ಹಾಗೆ ಸರ್ಕಾರ ಕೊಟ್ಟ ಭೂಮಿ ಎಷ್ಟು ಕೈ ಬಿಟ್ಟು ಹೋಯ್ತು ಅಂತ ಪ್ರತಿ ಊರಿನ ಕೇರಿಯಲ್ಲೂ ಕತೆ ಇದೆ.

ಅದಕ್ಕೆ 1978ರಲ್ಲಿ ಕರ್ನಾಟಕದಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನ ಮಾರಾಟ ನಿಷೇಧದ ಅವಧಿಯಲ್ಲಿ ಅಥವಾ ಸರ್ಕಾರದ ಅನುಮತಿ ಇಲ್ಲದೆ ಯಾರು ಕೊಂಡ್ರೂ ಆ ಕ್ರಯ ಅಸಿಂಧು. ಹೆಬ್ಬೆಟ್ಟು ಇದೆ, ಸಾಕ್ಷಿ ಸಹಿ ಇದೆ ಅಂದ್ರೂ ನಡೆಯಲ್ಲ. ಜಮೀನು ವಾಪಸ್ ಕೊಡಿಸಬೇಕು. ಎಷ್ಟೋ ಕೇಸುಗಳು ತಡವಾಗಿ ಬಂದವು ಅನ್ನೋ ಕಾರಣಕ್ಕೆ ಬಿದ್ದುಹೋದಾಗ ನಾವೆಲ್ಲಾ ಬೀದಿಗಿಳಿದ್ವಿ, 2023ರಲ್ಲಿ ತಿದ್ದುಪಡಿ ಆಯ್ತು. ಈ ಕಾಯ್ದೆಯ ಒಳತಿರುಳು ಏನು? ಕೈಲಾಗದವನ ಕೈಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಬಲ ಇರೋನು ಒಪ್ಪಿಗೆ ತಗೊಂಡಿದ್ದೀನಿ ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ.

ಜಮೀನಿನ ವಿಷಯದಲ್ಲಿ ನಾವು ಗೆದ್ದ ಈ ಮಾತನ್ನ ಫೋನಿನ ವಿಷಯದಲ್ಲಿ ಯಾಕೆ ಬಿಟ್ಟು ಕೊಡ್ತಿದ್ದೀವಿ ಅನ್ನೋದು ನನ್ನ ಪ್ರಶ್ನೆ.

ಈ ಘಟನೆ ಆದ್ಮೇಲೆ ನಮ್ಮ ಗ್ರೂಪಲ್ಲಿ ಚರ್ಚೆ ನಡೀತು. ಐಟಿಯಲ್ಲಿರೋ ನಮ್ಮ ಹುಡುಗ ಒಬ್ಬ ಹೇಳಿದ, "ಅಣ್ಣಾ, ಈ ವಾರ್ನಿಂಗ್‌ಗಳೆಲ್ಲಾ ವೇಸ್ಟು. ಯಾರೂ ಓದಲ್ಲ. ನಾನೂ ಓದಲ್ಲ. ನೆಕ್ಸ್ಟ್ ನೆಕ್ಸ್ಟ್ ಒತ್ಕೊಂಡು ಹೋಗ್ತೀವಿ." ಇನ್ನೊಬ್ಬರು, "ಹೊರಗಿನ ಆ್ಯಪ್ ಹಾಕೋದನ್ನೇ ಪೂರ್ತಿ ಬಂದ್ ಮಾಡ್ಬಿಡಲಿ, ಎಚ್ಚರಿಕೆಯ ರಗಳೆಯೇ ಬೇಡ" ಅಂದ್ರು. ಇಬ್ಬರ ಮಾತೂ ನನಗೆ ಒಪ್ಪಿಗೆ ಇಲ್ಲ.

ಎಚ್ಚರಿಕೆ ವೇಸ್ಟು ಅನ್ನೋದು ಪೂರ್ತಿ ನಿಜ ಅಲ್ಲ. 2013ರಲ್ಲಿ ಅಖಾವೆ ಮತ್ತು ಫೆಲ್ಟ್ ಅನ್ನೋ ಇಬ್ಬರು ಸಂಶೋಧಕರು ಕ್ರೋಮ್, ಫೈರ್‌ಫಾಕ್ಸ್ ಬ್ರೌಸರ್‌ಗಳಲ್ಲಿ ಜನರಿಗೆ ಕಂಡ 2.5 ಕೋಟಿಗೂ ಹೆಚ್ಚು ಎಚ್ಚರಿಕೆ ಪರದೆಗಳ ಲೆಕ್ಕ ಹಾಕಿದ್ರು. ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರ ಸರಿ ಇಲ್ಲ ಅನ್ನೋ ಎಚ್ಚರಿಕೆಯನ್ನ ಆಗಿನ ಕ್ರೋಮಲ್ಲಿ 100ಕ್ಕೆ 70 ಸಲ ದಾಟಿಕೊಂಡು ಹೋಗಿದ್ದಾರೆ. ಫೈರ್‌ಫಾಕ್ಸಲ್ಲಿ 100ಕ್ಕೆ 33 ಸಲ ಮಾತ್ರ. ಅಪಾಯ ಒಂದೇ ಥರದ್ದು, ಪರದೆ ಮಾಡಿದ ರೀತಿ ಬೇರೆ. ಈ ಸೈಟಲ್ಲಿ ವೈರಸ್ ಇದೆ, ಇದು ಮೋಸದ ಸೈಟು ಅಂತ ನೇರವಾಗಿ ಹೇಳಿದಾಗ ಕಾಲು ಭಾಗಕ್ಕಿಂತ ಕಡಿಮೆ ಸಲ ಮಾತ್ರ ಜನ ಮುಂದೆ ಹೋಗಿದ್ದಾರೆ. ಅಂದ್ರೆ ತಿಳಿಯೋ ಹಾಗೆ ಹೇಳಿದ್ರೆ ಜನ ಕೇಳ್ತಾರೆ. ಕೇಳದೇ ಹೋದ್ರೆ ಹೇಳಿದವನ ರೀತಿಯಲ್ಲೂ ತಪ್ಪಿರಬಹುದು.

ಮತ್ತೆ ಎಚ್ಚರಿಕೆಯನ್ನ ಲೆಕ್ಕಕ್ಕಿಡಬೇಡ ಅಂತ ನಮಗೆ ಕಲಿಸಿದ್ದು ಯಾರು? ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರೋ ಯಾವ ಗುಮಾಸ್ತನನ್ನಾದ್ರೂ ಕೇಳಿ. ಡಿಜಿಟಲ್ ಸಹಿಯ ಸಾಫ್ಟ್‌ವೇರ್ ಹಾಕಬೇಕು ಅಂತ ಮೇಲಿಂದ ಒಂದು ಸೂಚನಾ ಹಾಳೆ ಬರುತ್ತೆ. ಅದರಲ್ಲಿ ಏನಿರುತ್ತೆ? ಮೊದಲು ಆಂಟಿವೈರಸ್ ಆಫ್ ಮಾಡಿ. ಎಚ್ಚರಿಕೆ ಬಂದ್ರೆ ರನ್ ಎನಿವೇ ಒತ್ತಿ. ಎಲ್ಲಾದಕ್ಕೂ ಅಲೋ ಕೊಡಿ. ನಾನೇ ಎಷ್ಟೋ ಸಲ ಹಾಗೆ ಮಾಡಿದ್ದೀನಿ, ಮಾಡದಿದ್ರೆ ಆವತ್ತಿನ ಕಡತ ಮುಂದೆ ಹೋಗ್ತಿರಲಿಲ್ಲ. ಹಗಲೆಲ್ಲಾ ಎಚ್ಚರಿಕೆಯನ್ನ ತಳ್ಳಿ ಮುಂದೆ ಹೋಗೋದು ಕೆಲಸದ ಭಾಗ. ಸಂಜೆ ಮನೆಗೆ ಬಂದು ಅದೇ ಥರದ ಪರದೆ ಕಂಡಾಗ ಮಾತ್ರ ನಾವು ಓದಿ, ಯೋಚಿಸಿ, ಹಿಂದೆ ಸರೀಬೇಕಂತೆ.

2007ರಲ್ಲಿ ಮೈಕ್ರೋಸಾಫ್ಟ್ ವಿಸ್ತಾ ತಂದಾಗ ಮುಟ್ಟಿದ್ದಕ್ಕೆಲ್ಲಾ ಅನುಮತಿ ಕೇಳ್ತಿತ್ತು. ಜನ ರೋಸಿಹೋಗಿ ಓದದೇ ಒತ್ತೋಕೆ ಶುರು ಮಾಡಿದ್ರು, ಕೆಲವರು ಆ ವ್ಯವಸ್ಥೆಯನ್ನೇ ಆಫ್ ಮಾಡಿದ್ರು. 2009ರ ವಿಂಡೋಸ್ 7ರಲ್ಲಿ ಅವರೇ ಅದನ್ನ ಕಡಿಮೆ ಮಾಡಬೇಕಾಯ್ತು. ತೋಳ ಬಂತು ತೋಳ ಅಂತ ದಿನಾ ಕೂಗಿದ್ರೆ ನಿಜವಾದ ತೋಳ ಬಂದ ದಿನ ಯಾರೂ ತಿರುಗಿ ನೋಡಲ್ಲ. ತಪ್ಪು ಊರಿನವರದ್ದಲ್ಲ, ಕೂಗಿದವನದ್ದು.

ಇನ್ನು ಪೂರ್ತಿ ಬಂದ್ ಮಾಡಿ ಅನ್ನೋರ ಮಾತು. ಅಂಗಡಿ ಒಂದೇ ಇರಲಿ, ಅದರ ಯಜಮಾನ ಒಪ್ಪಿದ್ದು ಮಾತ್ರ ಬರಲಿ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದ್ರೆ ಒಂದೇ ಬಾವಿ, ಅದಕ್ಕೊಬ್ಬ ಯಜಮಾನ, ನೀರು ಸೇದೋಕೆ ಅವನ ಅಪ್ಪಣೆ ಅನ್ನೋ ವ್ಯವಸ್ಥೆ ಹೇಗಿರುತ್ತೆ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ನಾಳೆ ನಮ್ಮ ಹುಡುಗರೇ ಕೂಲಿ ಲೆಕ್ಕಕ್ಕೆ, ದೌರ್ಜನ್ಯದ ದೂರು ದಾಖಲಿಸೋಕೆ ಒಂದು ಸಣ್ಣ ಆ್ಯಪ್ ಮಾಡಿದ್ರೆ, ದೊಡ್ಡ ಅಂಗಡಿ ಒಪ್ಪದಿದ್ರೂ ಅದನ್ನ ಹಂಚೋ ದಾರಿ ನಮಗೆ ಇರಬೇಕು. ಬಾಗಿಲು ಇರಲಿ. ಬಾಗಿಲಲ್ಲಿ ನಿಂತವನು ನಿಜ ಹೇಳಲಿ.

ಹಾಗಾಗಿ ನನ್ನ ನಿಲುವು ಇಷ್ಟು. ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗೋವಾಗ ಅಪಾಯ ಇದ್ರೆ ಹೇಳಲೇಬೇಕು. ಅದು ಬಳಸೋರ ಹಕ್ಕು. ಆದ್ರೆ ಹೇಳಿದ್ದು ಕೇಳಿಸಿಕೊಳ್ಳೋನಿಗೆ ಅರ್ಥ ಆಗೋ ಹಾಗಿರಬೇಕು, ಹೇಳಿಬಿಟ್ಟೆ ಅನ್ನೋ ಕಾರಣಕ್ಕೆ ಹೇಳಿದವನು ಪಾರಾಗಬಾರದು. ಇದನ್ನ ಬಿಡಿಸಿ ಹೇಳ್ತೀನಿ.

ಒಂದು. ಹುಟ್ಟು ಕೇಳಬೇಡಿ, ಕೆಲಸ ಹೇಳಿ.

ಈಗಿನ ಎಚ್ಚರಿಕೆಗಳು ಕೇಳೋದು "ನೀನು ಯಾವ ಪೈಕಿ?" ಅಂತ. ವಿಂಡೋಸ್ ಕಂಪ್ಯೂಟರಲ್ಲಿ ಸಣ್ಣ ಪುಟ್ಟವರು ಮಾಡಿದ ಸಾಫ್ಟ್‌ವೇರ್ ಹಾಕೋಕೆ ಹೋದ್ರೆ ಪಬ್ಲಿಷರ್ ಅನ್‌ನೋನ್ ಅನ್ನುತ್ತೆ. ಗೊತ್ತಿರೋ ಪಬ್ಲಿಷರ್ ಆಗೋಕೆ ಡಿಜಿಟಲ್ ಸಹಿಯ ಪ್ರಮಾಣಪತ್ರ ದುಡ್ಡು ಕೊಟ್ಟು ತಗೋಬೇಕು, ಅವಧಿ ಮುಗಿದಾಗ ಮತ್ತೆ ಕೊಡಬೇಕು. ಪ್ರೀತಿಯಿಂದ ಕನ್ನಡಕ್ಕೆ ಅಂತ ಪುಕ್ಕಟೆ ಸಾಫ್ಟ್‌ವೇರ್ ಮಾಡಿದ ಬಡ ಹುಡುಗ ಕಳ್ಳನ ಸಾಲಲ್ಲಿ ನಿಲ್ತಾನೆ. ಇನ್ನೊಂದು ಕಡೆ, ಇರಾನಿನ ಅಣು ಘಟಕದ ಯಂತ್ರ ಹಾಳು ಮಾಡಿದ, 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ವೈರಸ್ ಹತ್ರ ರಿಯಲ್‌ಟೆಕ್, ಜೆಮೈಕ್ರಾನ್ ಅನ್ನೋ ದೊಡ್ಡ ಕಂಪನಿಗಳ ಕದ್ದ ಸಹಿ ಇತ್ತು. ಒಳ್ಳೇ ಮನೆತನದ ಹೆಸರು ಹೇಳ್ಕೊಂಡು ಕಳ್ಳ ಒಳಗೆ ಬಂದ. ಗುರುತು ಬೇಡ ಅಂತ ನಾನು ಹೇಳ್ತಿಲ್ಲ. ಗುರುತೊಂದೇ ಸಾಕು ಅನ್ನೋದು ತಪ್ಪು ಅಂತಿದ್ದೀನಿ.

ಹೇಳಬೇಕಾದ್ದು ಈ ಆ್ಯಪ್ ಏನು ಮಾಡುತ್ತೆ ಅನ್ನೋದನ್ನ. "ಇದು ಮದುವೆ ಕಾರ್ಡ್ ಅಲ್ಲ, ಒಂದು ಆ್ಯಪ್. ಇದು ನಿಮ್ಮ ಬ್ಯಾಂಕಿನಿಂದ ಬರೋ ಮೆಸೇಜ್ ಓದುತ್ತೆ. ನಿಮ್ಮ ಒಟಿಪಿ ಇದಕ್ಕೆ ಕಾಣುತ್ತೆ." ಇಷ್ಟು ಹೇಳಿದ್ದಿದ್ರೆ ಅಕ್ಕ ಒತ್ತುತ್ತಲೇ ಇರಲಿಲ್ಲ. ಇದೇನು ಆಗದ ಕೆಲಸ ಅಲ್ಲ. ಎಸ್‌ಎಂಎಸ್ ಓದೋಕೆ, ಪರದೆ ನೋಡೋಕೆ ಅನುಮತಿ ಕೇಳೋ ಹೊರಗಿನ ಆ್ಯಪ್‌ಗಳನ್ನ ಹಾಕೋವಾಗಲೇ ತಡೆಯೋ ಪ್ರಯೋಗವನ್ನ ಗೂಗಲ್ 2024ರಲ್ಲಿ ಸಿಂಗಪುರದಲ್ಲಿ ಶುರು ಮಾಡಿ ಆಮೇಲೆ ಭಾರತಕ್ಕೂ ತಂತು. ಅಂದ್ರೆ ಕೆಲಸ ನೋಡಿ ಅಳೆಯೋಕೆ ಯಂತ್ರಕ್ಕೆ ಬರುತ್ತೆ. ಅಕ್ಕನ ಕೈಲಿದ್ದ ಹಳೇ ಫೋನಿಗೆ ಅದು ಆಸರೆ ಆಗಲಿಲ್ಲ. ಹೊಸ ಫೋನ್ ಕೊಳ್ಳೋಕಾಗದವರಿಗೂ ಆ ರಕ್ಷಣೆ ಸಿಗಬೇಕು.

ಎರಡು. ನಮ್ಮ ಮಾತಲ್ಲಿ ಹೇಳಿ. ಓದೋಕೆ ಬಾರದವರಿಗೂ ಹೇಳಿ.

ಫೋನನ್ನ ಕನ್ನಡಕ್ಕೆ ಬದಲಾಯಿಸಿಕೊಂಡ್ರೆ ಎಚ್ಚರಿಕೆ ಕನ್ನಡದಲ್ಲೂ ಬರುತ್ತೆ, ನಿಜ. ಆದ್ರೆ ಅಂಗಡಿಯವನು ಫೋನ್ ಕೊಡೋವಾಗ ಇಂಗ್ಲಿಷಲ್ಲೇ ಇಟ್ಟು ಕೊಡ್ತಾನೆ. ಬದಲಾಯಿಸಿದ್ರೂ ಸಿಗೋದು ಸುತ್ತೋಲೆ ಕನ್ನಡ. ಕಚೇರಿಯಲ್ಲಿ ಅದೇ ಕನ್ನಡ ಬರೆದು ಬರೆದು ಕೈ ಸವೆದಿರೋ ನನಗೇ ಎರಡು ಸಲ ಓದಬೇಕಾಗುತ್ತೆ.

ಓದು ಬಾರದಿರೋದು ಜನರ ತಪ್ಪು ಅನ್ನೋರಿಗೆ ಒಂದು ನೆನಪು. 1951ರ ಜನಗಣತಿ ಪ್ರಕಾರ ದೇಶದಲ್ಲಿ ಅಕ್ಷರಸ್ಥರು ನೂರಕ್ಕೆ ಹದಿನೆಂಟು ಜನ. 1951-52ರಲ್ಲಿ ಮೊದಲ ಮಹಾ ಚುನಾವಣೆ. ಮೊದಲು ಓದೋಕೆ ಕಲೀರಿ, ಆಮೇಲೆ ಓಟು ಅಂತ ಕಾಯಿಸಲಿಲ್ಲ. ಚಿಹ್ನೆ ಕೊಟ್ರು. ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ನಮ್ಮ ಅಜ್ಜಿಯಂದಿರು ಆ ಚಿಹ್ನೆ ನೋಡಿ ಓಟು ಹಾಕಿದ್ರು. ಎಪ್ಪತ್ತು ವರ್ಷಕ್ಕೂ ಹಿಂದೆ, ಫೋನು ಕಂಪ್ಯೂಟರು ಏನೂ ಇಲ್ಲದ ಕಾಲದಲ್ಲಿ ಈ ದೇಶಕ್ಕೆ ಅದು ಸಾಧ್ಯ ಆಯ್ತು. ಮಾತಾಡೋ ಫೋನ್ ಮಾಡಿದವರಿಗೆ, ಹಾಡು ಹಾಡಿಸೋರಿಗೆ, ದಾರಿ ಹೇಳಿಸೋರಿಗೆ, "ಅಕ್ಕಾ, ಇದನ್ನ ಒತ್ತಬೇಡಿ, ದುಡ್ಡು ಹೋಗುತ್ತೆ" ಅಂತ ಕನ್ನಡದಲ್ಲಿ ಒಂದು ದನಿ ಕೇಳಿಸೋಕೆ ಆಗಲ್ವಾ?

ಕಾನೂನಿನ ಬಲವೂ ಇಲ್ಲದೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯ 5ನೇ ಕಲಮು, ಮಾಹಿತಿ ಪಡೆಯೋಕೆ ಒಪ್ಪಿಗೆ ಕೇಳೋವಾಗ ಕೊಡೋ ನೋಟಿಸನ್ನ ಇಂಗ್ಲಿಷಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದೋ ಆಯ್ಕೆ ಕೊಡಬೇಕು ಅನ್ನುತ್ತೆ. ಕನ್ನಡ ಅದರಲ್ಲಿದೆ. ಮಾಹಿತಿ ಕೇಳೋವಾಗ ಕನ್ನಡ ಬೇಕು ಅಂತ ಕಾನೂನು ಒಪ್ಪಿದೆ ಅಂದ್ರೆ, ಮನೆಗೆ ಬೆಂಕಿ ಬೀಳುತ್ತೆ ಅಂತ ಹೇಳೋವಾಗಲೂ ಕನ್ನಡ ಬೇಕು ಅಂತ ಕೇಳೋದರಲ್ಲಿ ತಪ್ಪೇನಿದೆ?

ಮೂರು. ಹಿಂದೆ ಹೋಗೋ ದಾರಿ ಸುಲಭ ಇರಲಿ.

ಈಗ ಹೇಗಿದೆ ಅಂದ್ರೆ ಒಳಗೆ ಹೋಗೋ ಗುಂಡಿ ಎದುರಿಗೇ ಇರುತ್ತೆ. ಹಾಕಿದ ಆ್ಯಪ್ ಕಿತ್ತು ಹಾಕೋಕೆ ಹೋದ್ರೆ ಅದರ ಚಿತ್ರವೇ ಕಾಣಲ್ಲ, ಬಚ್ಚಿಟ್ಟುಕೊಂಡಿರುತ್ತೆ. ಬೇಡ ಅನ್ನೋ ಗುಂಡಿ ದೊಡ್ಡದಾಗಿರಲಿ. ಬ್ಯಾಂಕಿನ ಮೆಸೇಜ್ ಮುಟ್ಟೋ ಆ್ಯಪ್ ಆದ್ರೆ ಒಂದಷ್ಟು ಹೊತ್ತು ಕಾಯಿಸಲಿ, ಪಕ್ಕದವರನ್ನ ಕೇಳೋಕೆ ಪುರುಸೊತ್ತು ಸಿಗುತ್ತೆ. ತಪ್ಪಾಗಿ ಹಾಕಿದ್ರೆ ಒಂದೇ ಗುಂಡಿಯಲ್ಲಿ ಎಲ್ಲಾ ಅನುಮತಿ ವಾಪಸ್ ಬರಲಿ. ಅದೇ ಪರದೆ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930 ದೊಡ್ಡದಾಗಿ ಇರಲಿ. ಅಕ್ಕನಿಗೆ ಆ ನಂಬರ್ ಗೊತ್ತಾಗಿದ್ದು ಮಾರನೇ ದಿನ ಮಧ್ಯಾಹ್ನ, ನನ್ನಿಂದ. ಅಷ್ಟರಲ್ಲಿ ದುಡ್ಡು ಎಲ್ಲಿಂದ ಎಲ್ಲಿಗೋ ಹೋಗಿತ್ತು.

ನಾಲ್ಕು. ಎಲ್ಲಕ್ಕಿಂತ ದೊಡ್ಡದು: ಎಚ್ಚರಿಕೆ ಕೊಟ್ಟೆ ಅಂದ ಮಾತ್ರಕ್ಕೆ ಹೊಣೆ ಕಳಚಿಕೊಳ್ಳಬೇಡಿ.

ಕೀಟನಾಶಕದ ಡಬ್ಬಿ ನೋಡಿರ್ತೀರಿ. ಅದರ ಮೇಲೆ ಬಣ್ಣದ ತ್ರಿಕೋನ ಇರುತ್ತೆ. ಕೆಂಪು ಅಂದ್ರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಓದೋಕೆ ಬಾರದವನಿಗೂ ತಿಳೀಲಿ ಅಂತ ಬಣ್ಣ, ತಲೆಬುರುಡೆ. ಒಳ್ಳೇ ಕೆಲಸವೇ. ಆದ್ರೂ 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿ ಹೊಲಕ್ಕೆ ಔಷಧಿ ಹೊಡೆದು 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ರು. ಆಗ ಕೇಳಿಬಂದ ಮಾತೇನು? ಕೈಗವಸು ಹಾಕ್ಕೊಂಡಿಲ್ಲ, ಮಾಸ್ಕ್ ಹಾಕ್ಕೊಂಡಿಲ್ಲ, ಡಬ್ಬಿ ಮೇಲೆ ಬರೆದಿದ್ದು ಪಾಲಿಸಿಲ್ಲ. ಕೂಲಿಗೆ ಕೈಗವಸು ಕೊಡಿಸಿದವರು ಯಾರು ಅಂತ ಕೇಳಿದವರು ಕಡಿಮೆ. ಡಬ್ಬಿ ಮೇಲಿನ ಎಚ್ಚರಿಕೆ ಕೂಲಿಯವನ ಜೀವ ಉಳಿಸಲಿಲ್ಲ, ಅವನ ಮೇಲೇ ತಪ್ಪು ಹೊರಿಸೋಕೆ ಬಳಕೆ ಆಯ್ತು. ಫೋನಿನ ಎಚ್ಚರಿಕೆಯೂ ಇದೇ ದಾರಿ ಹಿಡಿದಿದೆ.

ಈಗ ಎಲ್ಲರೂ ತಿಳ್ಕೋಬೇಕಾದ ವಿಷಯ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿದೆ. ಗ್ರಾಹಕನಿಗೆ ಗೊತ್ತಿಲ್ಲದೆ ಖಾತೆಯಿಂದ ದುಡ್ಡು ಹೋದ್ರೆ, ತಪ್ಪು ಬ್ಯಾಂಕಿನದ್ದೂ ಅಲ್ಲ ಗ್ರಾಹಕನದ್ದೂ ಅಲ್ಲ ಅಂತಾದ್ರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕನಿಗೆ ಯಾವ ನಷ್ಟವೂ ಇಲ್ಲ, ಬ್ಯಾಂಕ್ ತುಂಬಿಕೊಡಬೇಕು. ಗ್ರಾಹಕನ ನಿರ್ಲಕ್ಷ್ಯ ಅಂತಾದ್ರೆ ದೂರು ಕೊಡೋವರೆಗಿನ ನಷ್ಟ ಗ್ರಾಹಕನ ತಲೆ ಮೇಲೆ. ದೂರು ಕೊಟ್ಟ ಮೇಲಿನದ್ದು ಬ್ಯಾಂಕಿನದ್ದು. ಹಾಗಾಗಿ ಇಡೀ ಜಗಳ ನಿಂತಿರೋದು ನಿರ್ಲಕ್ಷ್ಯ ಅನ್ನೋ ಒಂದು ಪದದ ಮೇಲೆ. ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿದೆ: ತಪ್ಪು ಗ್ರಾಹಕನದ್ದು ಅಂತ ಸಾಬೀತು ಮಾಡೋ ಹೊರೆ ಬ್ಯಾಂಕಿನ ಮೇಲೆ. ಕೌಂಟರಲ್ಲಿ ನಿಂತು "ನಿಮ್ದೇ ನೆಗ್ಲಿಜೆನ್ಸು" ಅಂತ ಬಾಯಲ್ಲಿ ಹೇಳಿದ್ರೆ ಅದು ಸಾಬೀತು ಅಲ್ಲ. ಬರೆದು ಕೊಡಿ ಅಂತ ಕೇಳಿ. ನಾನೂ ಅದನ್ನೇ ಕೇಳಿದ್ದೀನಿ.

ತನಗೆ ಓದೋಕೆ ಬಾರದ ಭಾಷೆಯ ಪರದೆ ಮೇಲೆ, ಏನಂತ ಗೊತ್ತಿಲ್ಲದೆ ಗುಂಡಿ ಒತ್ತಿದ್ದು ನಿರ್ಲಕ್ಷ್ಯ ಹೇಗಾಗುತ್ತೆ? ನಿರ್ಲಕ್ಷ್ಯ ಅಂದ್ರೆ ಗೊತ್ತಿದ್ದೂ ಅಸಡ್ಡೆ ಮಾಡೋದು. ಅಕ್ಕ ಅಸಡ್ಡೆ ಮಾಡಲಿಲ್ಲ. ಅವರಿಗೆ ಯಾರೂ ಹೇಳಲೇ ಇಲ್ಲ. ಹೇಳಿದ ಹಾಗೆ ನಾಟಕ ಆಡಿದ್ರು. ಇದಕ್ಕೇ ನಾನು ಓಕೆ ಒತ್ತೋದನ್ನ ಹೊಸ ಹೆಬ್ಬೆಟ್ಟು ಅಂದಿದ್ದು.

ಇಷ್ಟೆಲ್ಲಾ ಹೇಳಿ ಒಂದು ಮಾತು ಹೇಳದಿದ್ರೆ ಹೋರಾಟದಲ್ಲಿರೋ ನಿಮಗೆ ಮೋಸ ಮಾಡಿದ ಹಾಗೆ. ಎಚ್ಚರಿಕೆ ಪರದೆ ಎಲ್ಲದಕ್ಕೂ ಮದ್ದಲ್ಲ. ಬಾಗಿಲು ತಟ್ಟಿ ಬರೋನಿಗೆ ಮಾತ್ರ ಕಾವಲುಗಾರ ಅಡ್ಡ ಬರ್ತಾನೆ. ಭೀಮಾ ಕೋರೆಗಾಂವ್ ಪ್ರಕರಣ ನೆನಪು ಮಾಡ್ಕೊಳ್ಳಿ. ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪ್ ಪರೀಕ್ಷೆ ಮಾಡಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ವರದಿ 2021ರ ಫೆಬ್ರವರಿಯಲ್ಲಿ ಹೊರಬಂತು. 2016ರ ಜೂನ್ 13ರಂದು, ಪರಿಚಯದವರ ಈಮೇಲ್ ಖಾತೆಯಿಂದ ಬಂದ ಒಂದು ದಾಖಲೆ ತೆರೆದಾಗ ನೆಟ್‌ವೈರ್ ಅನ್ನೋ ಕಳ್ಳ ಸಾಫ್ಟ್‌ವೇರ್ ಒಳಗೆ ಸೇರ್ಕೊಳ್ತು, ಆಮೇಲೆ ಅದರ ಮೂಲಕ ಪತ್ರಗಳನ್ನ ಗುಪ್ತ ಫೋಲ್ಡರಿನಲ್ಲಿ ತುರುಕಿದ್ರು ಅಂತ ಆ ವರದಿ ಹೇಳಿತು. ತನಿಖಾ ಸಂಸ್ಥೆ ಅದನ್ನ ಒಪ್ಪಿಲ್ಲ. ಆದ್ರೆ ನಮಗೆ ಪಾಠ ಸ್ಪಷ್ಟ: ಬಂದದ್ದು ಪರಿಚಯದವರ ಹೆಸರಲ್ಲಿ. ನಮ್ಮ ಮದುವೆ ಆಮಂತ್ರಣದ ಹಾಗೇ.

ಪೆಗಾಸಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಯಾವ ಗುಂಡಿಯನ್ನೂ ಒತ್ತಿಸದೇ ಒಳಗೆ ಬರಬಲ್ಲದು. 2019ರಲ್ಲಿ ಸುಮಾರು 1,400 ಜನರ ಫೋನಿಗೆ ಅದನ್ನ ಗುರಿ ಇಟ್ಟಿದ್ರು ಅಂತ ವಾಟ್ಸಪ್ ಹೇಳಿ ಕೋರ್ಟಿಗೆ ಹೋಯ್ತು. ಗುರಿಯಾದವರಿಗೆ ಮೆಸೇಜ್ ಕಳಿಸಿ ತಿಳಿಸ್ತು. ಹಾಗೆ ತಿಳಿಸಿದವರಲ್ಲಿ ಆನಂದ್ ತೇಲ್ತುಂಬ್ಡೆ ಅವರೂ ಒಬ್ಬರು. ಇನ್‌ಸ್ಟಾಲ್ ಆಗೋವಾಗ ಎಚ್ಚರಿಸೋಕೆ ಆಗಲಿಲ್ಲ, ಆದ ಮೇಲಾದ್ರೂ ಹೇಳಿದ್ರು. ಅದಕ್ಕೂ ಬೆಲೆ ಇದೆ. ಕಳ್ಳ ಬಂದು ಹೋಗಿದ್ದಾನೆ ಅಂತ ತಿಳಿದ್ರೆ ಬೀಗ ಬದಲಾಯಿಸಬಹುದು, ಕೋರ್ಟಿಗೆ ಹೋಗಬಹುದು, ಜೊತೆಯವರಿಗೆ ಹೇಳಬಹುದು. ಒಳಗೆ ಬಿಡೋವಾಗ ಎಚ್ಚರಿಸೋದು, ಒಳಗೆ ಬಂದ ಮೇಲೆ ತಿಳಿಸೋದು, ಎರಡೂ ಬೇಕು.

ಈಗ ನಾವೇನ್ ಮಾಡೋಣ?

ಕಂಪನಿಗಳು ಬದಲಾಗೋವರೆಗೆ ನಮ್ಮ ಜನಕ್ಕೆ ನಾವೇ ಎಚ್ಚರಿಕೆ ಪರದೆ ಆಗಬೇಕು. ಪ್ರತಿ ಗ್ರೂಪಿನ ಅಡ್ಮಿನ್‌ಗಳು ಇವತ್ತೇ ಒಂದು ವಾಯ್ಸ್ ಮೆಸೇಜ್ ಹಾಕಿ, ನಿಮ್ಮೂರ ಮಾತಲ್ಲೇ: ಎಪಿಕೆ ಅಂತ ಕೊನೆಯಾಗೋ ಫೈಲ್ ಯಾರು ಕಳಿಸಿದ್ರೂ ಒತ್ತಬೇಡಿ, ಮೊದಲು ಕಳಿಸಿದವರಿಗೆ ಫೋನ್ ಮಾಡಿ ಕೇಳಿ. ಗೊತ್ತಿಲ್ಲದೆ ಒತ್ತಿದ್ರೆ ಮೊದಲು ಡೇಟಾ ಮತ್ತು ವೈಫೈ ಆಫ್ ಮಾಡಿ, ಬೇರೆ ಫೋನಿಂದ ಬ್ಯಾಂಕಿಗೆ ಮತ್ತು 1930ಕ್ಕೆ ಕರೆ ಮಾಡಿ. ನಾಚಿಕೆ ಪಟ್ಟುಕೊಂಡು ಸುಮ್ಮನೆ ಕೂರಬೇಡಿ, ಕಳ್ಳನಿಗೆ ಬೇಕಾಗಿರೋದೇ ನಿಮ್ಮ ನಾಚಿಕೆ. ಮುಂದಿನ ಏಪ್ರಿಲ್ 14ರ ಕಾರ್ಯಕ್ರಮದಲ್ಲಿ ಭಾಷಣದ ಮಧ್ಯೆ ಅರ್ಧ ಗಂಟೆ ಇದಕ್ಕೆ ಕೊಡಿ. ಕಾಲೇಜಿಗೆ ಹೋಗೋ ಮಕ್ಕಳು ಒಬ್ಬೊಬ್ಬರು ಹತ್ತತ್ತು ಜನರ ಫೋನ್ ಕನ್ನಡಕ್ಕೆ ಬದಲಾಯಿಸಿ ಕೊಡಲಿ. ಶಿಕ್ಷಣ, ಸಂಘಟನೆ, ಹೋರಾಟ ಅಂತೀವಲ್ಲ, ಇದೂ ಅದರಲ್ಲೇ ಬರುತ್ತೆ.

ಜೊತೆಗೆ ಕೇಳಬೇಕಾದ್ದನ್ನ ಕೇಳೋಣ. ಈ ರಾಜ್ಯದಲ್ಲಿ ಮಾರೋ ಪ್ರತಿ ಫೋನಲ್ಲಿ ಅಪಾಯದ ಎಚ್ಚರಿಕೆ ಕನ್ನಡದಲ್ಲಿ, ದನಿಯಲ್ಲಿ, ಚಿಹ್ನೆಯಲ್ಲಿ ಬರಲಿ. ಎಚ್ಚರಿಕೆ ಜೊತೆ "ನೀವೇ ಜವಾಬ್ದಾರಿ" ಅನ್ನೋ ಕರಾರು ಸೇರಿಸೋದನ್ನ ನಿಲ್ಲಿಸಲಿ. ಅಲೋ ಒತ್ತಿದ್ದೊಂದನ್ನೇ ನಿರ್ಲಕ್ಷ್ಯದ ಸಾಕ್ಷಿ ಅಂತ ಬ್ಯಾಂಕುಗಳು ಹೇಳಬಾರದು ಅಂತ ರಿಸರ್ವ್ ಬ್ಯಾಂಕ್ ಸ್ಪಷ್ಟ ಮಾಡಲಿ. ಎಚ್ಚರಿಕೆ ತಳ್ಳಿ ಮುಂದೆ ಹೋಗಿ ಅಂತ ಹೇಳೋ ಸೂಚನಾ ಹಾಳೆಗಳನ್ನ ಕಚೇರಿಗಳು ಹರಿದು ಹಾಕಲಿ.

ಅಕ್ಕನ ದುಡ್ಡು ಇನ್ನೂ ಬಂದಿಲ್ಲ. ನಿರ್ಲಕ್ಷ್ಯ ಹೇಗೆ ಸಾಬೀತಾಯ್ತು ಅಂತ ಬರೆದು ಕೊಡಿ ಎಂದು ಕೊಟ್ಟ ಅರ್ಜಿಗೆ ಉತ್ತರವೂ ಬಂದಿಲ್ಲ. ಬರದಿದ್ರೆ ಓಂಬುಡ್ಸ್‌ಮನ್‌ಗೆ ಹೋಗ್ತೀವಿ. ಮಗಳ ಫೀಸಿಗೆ ನಾವೊಂದಷ್ಟು ಜನ ಸೇರಿ ಸದ್ಯಕ್ಕೆ ದಾರಿ ಮಾಡಿದ್ದೀವಿ. ಮೊನ್ನೆ ಅರ್ಜಿಗೆ ಸಹಿ ಹಾಕಿಸೋಕೆ ಹೋದಾಗ ಅಕ್ಕ ಪೆನ್ನು ಕೈಲಿ ಹಿಡ್ಕೊಂಡೇ ಕೇಳಿದ್ರು, "ಇದರಲ್ಲಿ ಏನ್ ಬರ್ದಿದೀಯ, ಮೊದ್ಲು ಓದಿ ಹೇಳು ತಮ್ಮಾ." ಪೂರ್ತಿ ಓದಿ ಹೇಳಿದೆ. ಆಮೇಲೆ ಸಹಿ ಹಾಕಿದ್ರು.

ಒಂದು ಬಡ ಹೆಣ್ಣುಮಗಳಿಗೆ ಗುಮಾಸ್ತನೊಬ್ಬ ಮಾಡಬಹುದಾದ ಕೆಲಸವನ್ನ ಕೋಟಿಗಟ್ಟಲೆ ದುಡಿಯೋ ಕಂಪನಿಗಳು ಮಾಡಲಿ. ನಾವು ಕೇಳ್ತಿರೋದು ಅಷ್ಟೇ.

ಜೈ ಭೀಮ್.

(ನಿಮ್ಮ ಕೇರಿಯಲ್ಲೂ ಹೀಗೆ ಯಾರಿಗಾದ್ರೂ ಆಗಿದ್ರೆ ಕಾಮೆಂಟಲ್ಲಿ ಬರೀರಿ. ಹೆಸರು, ನಂಬರ್ ಹಾಕಬೇಡಿ. ಅರ್ಜಿಯ ಮಾದರಿ ಬೇಕಾದವರು ಕೇಳಿ, ಕಳಿಸ್ತೀನಿ. ಪಿಡಿಎಫ್ ಆಗಿ ಬರುತ್ತೆ, ಎಪಿಕೆ ಆಗಿ ಬಂದ್ರೆ ಅದು ನಾನಲ್ಲ.)